ಪರಮಣ್ಣ ಬೆಟ್ಟಕ್ಕೆ ಕಳಿಸಿದವರು

ಟಿ. ದಾಸರಹಳ್ಳಿಯ ಆ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮಣ್ಣು ಮಾಡಿ ಬಂದು, ಮೈ ತೊಳೆದುಕೊಂಡು, ಆಮೇಲೆ ಪರಮಾನಂದನನ್ನು ಹುಡುಕಿಕೊಂಡು ಬರುತ್ತಿದ್ದರು. “ನಮ್ಮ ಯಜಮಾನ್ರನ್ನೂ ಬೆಟ್ಟಕ್ಕೆ ಕಳಿಸ್ಕೊಡಿ ಪರಮಣ್ಣ” ಎನ್ನುತ್ತಿದ್ದರು. ಹೊಸಬರು ಕೇಳಿದರೆ ಹೌಹಾರುವ ಮಾತು. ಓಣಿಯವರಿಗೆ ಮಾತ್ರ ಅದು ಅರ್ಧ ಕೆಜಿ ಬೇಳೆ ಕಟ್ಟಿಕೊಡಿ ಎಂದಷ್ಟೇ ಸಲೀಸಾಗಿತ್ತು.

ಪರಮಾನಂದ ಕೆಲಸ ಮಾಡುತ್ತಿದ್ದದ್ದು ಮುನಿಯಣ್ಣನ ಕಲರ್ ಲ್ಯಾಬಿನಲ್ಲಿ. ಊರು ಹುನಗುಂದದ ಕಡೆ. ಮೀಸೆ ಚಿಗುರುವ ವಯಸ್ಸಿಗೆ ಪೀಣ್ಯಕ್ಕೆ ಬಂದು ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಮುಂದೆ ನಿಂತ. ಮೆಷಿನ್ನು ಅವನ ಎಡಗೈಯ ಎರಡು ಬೆರಳು ನುಂಗಿತು. ವಿಮೆಯವರಿಗೆ ತೋರಿಸಲೆಂದು ಆ ಕೈಯ ಫೋಟೋ ತೆಗೆಯಲು ಬಂದಿದ್ದ ಮುನಿಯಣ್ಣ, “ಬೆರಳು ಹೋದ್ರೆ ಹೋಯ್ತು, ಕಣ್ಣು ನೆಟ್ಟಗಿದೆ ತಾನೆ? ಬಾ ಗುರು ನಮ್ಮಂಗಡಿಗೆ” ಎಂದು ಕರೆದುಕೊಂಡು ಹೋದ. ಅಂದಿನಿಂದ ಪರಮಾನಂದನಿಗೆ ಜಗತ್ತೆಂದರೆ ಆ ಲ್ಯಾಬು ಮತ್ತು ಅದರ ಹಿಂದಿನ ಬೀದಿಯ ಬಾಡಿಗೆ ಮನೆ. ಮನೆಯಲ್ಲಿ ಹೆಂಡತಿ ಮಹಾದೇವಿ, ಮಗಳು ಶಾಂಭವಿ, ತಮ್ಮ ಹಣಮಂತ, ತಮ್ಮನ ಹೆಂಡತಿ ಚನ್ನಕ್ಕ. ಊರಿನವರ ಫೋಟೋ ಎಲ್ಲ ತೆಗೆಯುವವನು ತಾನು ಫೋಟೋಕ್ಕೆ ನಿಲ್ಲುವುದೆಂದರೆ ಹಿಂಜರಿಯುತ್ತಿದ್ದ. ನಿಂತರೂ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ನಿಲ್ಲುತ್ತಿದ್ದ.

ಸತ್ತವರ ಫೋಟೋ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ತೂಗುಹಾಕುವುದು ಎಲ್ಲ ಕಡೆಯೂ ಇರುವ ಪದ್ಧತಿ. ಆದರೆ ಪೀಣ್ಯದ ಶೆಡ್ಡುಗಳಲ್ಲಿ ದುಡಿದವರಿಗೆ ಒಳ್ಳೆಯ ಫೋಟೋ ಎಲ್ಲಿಂದ ಬರಬೇಕು? ಯಾರದೋ ಮದುವೆಯ ಗುಂಪಿನಲ್ಲಿ ಕೊನೆಗೆ ನಿಂತದ್ದೋ, ಗೇಟ್ ಪಾಸಿನಲ್ಲಿ ಕಣ್ಣು ಪಿಳುಕಿಸಿದ್ದೋ ಸಿಕ್ಕರೆ ಪುಣ್ಯ. ಪರಮಾನಂದ ಅದನ್ನೇ ಕಂಪ್ಯೂಟರಿಗೆ ಹಾಕಿಕೊಂಡು, ಪಕ್ಕದವರನ್ನೆಲ್ಲ ಅಳಿಸಿ, ಸತ್ತವನೊಬ್ಬನನ್ನೇ ನೀಲಿ ಪರದೆಯ ಮುಂದೆ ನಿಲ್ಲಿಸಿ ಕೊಡುತ್ತಿದ್ದ. ಮುನಿಯಣ್ಣ ಕಲಿಸಿದ್ದು ಒಂದೇ ಸೂತ್ರ: “ಒಬ್ಬನ್ನ ತೆಗೆದ್ರೆ ಆ ಜಾಗ ಖಾಲಿ ಬಿಡ್ಬಾರ್ದು ಕಣೋ. ಇನ್ನೇನಾದ್ರೂ ತುಂಬ್ಬೇಕು. ಇಲ್ಲಾಂದ್ರೆ ಫೋಟೋ ಒಪ್ಪಲ್ಲ.”

ಬೆಟ್ಟ ಶುರುವಾದದ್ದು ಮಾರಕ್ಕನಿಂದ. ಅವಳ ಗಂಡ ಮರೆಪ್ಪ ಲೇತ್ ಕೆಲಸದವನು, ಜ್ವರ ಬಂದು ಹೋಗಿಬಿಟ್ಟ. ಫೋಟೋ ಮಾಡಿಸಲು ಬಂದ ಮಾರಕ್ಕ ಟೇಬಲ್ಲಿನ ಮೇಲೆ ಬಿದ್ದಿದ್ದ ಒಂದು ಪ್ರಿಂಟನ್ನು ನೋಡುತ್ತ ನಿಂತುಬಿಟ್ಟಳು. ಹಾಸುಬಂಡೆ, ಅದರ ಅಂಚಿಗೆ ಒಂಟಿ ಗೋಣಿಮರ, ಆಚೆಗೆ ಮಂಜು ತುಂಬಿದ ಕಣಿವೆ. ಒಂದು ನರಪಿಳ್ಳೆಯೂ ಇಲ್ಲ.

“ಶೆಡ್ಡು, ರೂಮು, ಶೆಡ್ಡು, ರೂಮು ಅಂತ ಓಡಾಡಿ ಓಡಾಡಿ ಸತ್ತೋಯ್ತು ಆ ಜೀವ. ಫೋಟೋದಾಗಾದ್ರೂ ಒಂದ್ಕಡೆ ಗಾಳಿ ಕುಡ್ಕಂಡು ನಿಂತಿರ್ಲಿ. ಇಂಗೆ ಈ ಬಂಡೆ ಮ್ಯಾಲೆ ನಿಲ್ಸಣ್ಣ” ಎಂದಳು.

ಅದು ವಿಶ್ವನಾಥ್ ಎಂಬವರು ತೆಗೆದ ಫೋಟೋ. ಹೂಡಿಯಲ್ಲಿ ಅಪಾರ್ಟ್‌ಮೆಂಟು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮೂಲ ದಾವಣಗೆರೆ. ಊರೆಲ್ಲ ಡಿಜಿಟಲ್ ಕ್ಯಾಮೆರಾ ಹಿಡಿದ ಕಾಲದಲ್ಲಿ ಈ ಮನುಷ್ಯ ಹಟಕ್ಕೆ ಬಿದ್ದವರ ಹಾಗೆ ರೀಲು ಹಾಕುತ್ತಿದ್ದರು. ರೀಲು ತೊಳೆಯುವ ಮೆಷಿನ್ನನ್ನು ಎಲ್ಲರೂ ಗುಜರಿಗೆ ಹಾಕಿದ್ದರಿಂದ, ಇನ್ನೂ ಹಾಕದ ಮುನಿಯಣ್ಣನನ್ನು ಹುಡುಕಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದರು. ರಜೆ ಸಿಕ್ಕಿತೆಂದರೆ ಬೆನ್ನಿಗೆ ಚೀಲ, ಮಾಗಡಿ ಕಡೆಯ ಕೋಡಿಗಲ್ಲು ಬೆಟ್ಟ. ಅಲ್ಲೇ ಟೆಂಟು ಹಾಕಿ ಮಲಗಿ, ಬೆಳಗ್ಗೆ ಮಂಜಿನ ಫೋಟೋ. “ಒಬ್ಬನೇ ಒಬ್ಬ ಮನುಷ್ಯ ಕಾಣ್ಬಾರ್ದು ಪರಮಣ್ಣ. ಜನ ಇಲ್ದಿರೋ ಜಾಗ ಅಂದ್ರೆ ನನಗೆ ಅದೊಂದೇ ಉಳಿದಿರೋದು” ಎನ್ನುತ್ತಿದ್ದರು.

ಅಂಥವರ ಬೆಟ್ಟದ ಮೇಲೆ ಪರಮಾನಂದ, ಅವರನ್ನು ಒಂದು ಮಾತೂ ಕೇಳದೆ, ಮರೆಪ್ಪನನ್ನು ನಿಲ್ಲಿಸಿದ. ಚೆನ್ನಾಗಿಯೇ ಕಂಡ ಮರೆಪ್ಪ. ಮಾರಕ್ಕ ಕಣ್ಣೊರೆಸಿಕೊಂಡು ಹೋಗಿ ಓಣಿಗೆಲ್ಲ ತೋರಿಸಿದಳು. ಆಮೇಲೆ ನೀಲಿ ಪರದೆ ಯಾರಿಗೂ ಬೇಡವಾಯಿತು. ವಿಶ್ವನಾಥ್ ಕೊಟ್ಟ ಪ್ರತಿ ರೀಲಿನಿಂದಲೂ ಪರಮಾನಂದ ತನಗೊಂದು ಪ್ರಿಂಟು ಜಾಸ್ತಿ ಹಾಕಿಟ್ಟುಕೊಳ್ಳತೊಡಗಿದ. ಒಬ್ಬನನ್ನು ಮರದ ಕೆಳಗೆ, ಇನ್ನೊಬ್ಬಳನ್ನು ಬಂಡೆಯ ಅಂಚಿಗೆ, ಮತ್ತೊಬ್ಬನನ್ನು ಕಾಲುದಾರಿಯ ತಿರುವಿಗೆ ಎಂದು ಜಾಗ ನೋಡಿ ನೋಡಿ ನಿಲ್ಲಿಸಿದ. ಎರಡು ಬೆರಳಿಲ್ಲದ ಕೈ ಹೊತ್ತು ಬದುಕಿದವನಿಗೆ ತಾನೂ ಯಾರಿಗೋ ಏನೋ ಕೊಡಬಲ್ಲೆ ಎಂಬ ಸಣ್ಣ ಹೆಮ್ಮೆ ಬಂದಿದ್ದರೆ ಅದರಲ್ಲಿ ತಪ್ಪೇನಿದೆ?

ಅವನ ಮನೆಯ ಸಂಕಟ ಬೇರೆಯೇ ಇತ್ತು. ತಮ್ಮ ಹಣಮಂತ ಪೇಂಟ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಎರಡು ಸಾವಿರದ ಎಂಟರಲ್ಲಿ ಆರ್ಡರು ನಿಂತು ಶೆಡ್ಡು ಬಾಗಿಲು ಹಾಕಿತು. ಹೂಡಿಯಲ್ಲಿ ಕಟ್ಟಡದ ಕೆಲಸವಿದೆ ಎಂದು ಯಾರೋ ಹೇಳಿದರು. ಚನ್ನಕ್ಕ ರೊಟ್ಟಿ, ಪಲ್ಯ ತುಂಬಿಕೊಟ್ಟ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬೆಳಗ್ಗೆ ಬಸ್ಸು ಹತ್ತಿದವನು ಮತ್ತೆ ಇಳಿಯಲಿಲ್ಲ. ಹೂಡಿ, ವೈಟ್‌ಫೀಲ್ಡು, ಆಸ್ಪತ್ರೆಗಳು, ಪೊಲೀಸ್ ಠಾಣೆ ಎಲ್ಲ ಸುತ್ತಿದ್ದಾಯಿತು. ಇದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಚನ್ನಕ್ಕ ಮಾತ್ರ ಗಾರ್ಮೆಂಟ್ಸ್‌ಗೆ ಹೋಗಿ ಬಂದು, ರಾತ್ರಿಯ ಅಡುಗೆಯಲ್ಲಿ ಅವನ ಪಾಲಿನದನ್ನು ತೆಗೆದಿಟ್ಟೇ ಮಲಗುತ್ತಿದ್ದಳು. ಸತ್ತಿದ್ದಾನೆಂದರೆ ಅಳಬಹುದು, ಬದುಕಿದ್ದಾನೆಂದರೆ ಬೈಯಬಹುದು. ಅವಳಿಗೆ ಎರಡೂ ಇರಲಿಲ್ಲ. 

ಹೀಗಿರುವಾಗ ಒಂದು ದಿನ ವಿಶ್ವನಾಥ್ ಪ್ರಿಂಟುಗಳನ್ನು ಹಿಡಿದುಕೊಂಡು ಲ್ಯಾಬಿಗೆ ಬಂದರು. ಮುಖ ಬಿಗಿದಿತ್ತು.

“ಇದೇನು ಪರಮಣ್ಣ? ಈ ಗೋಣಿಮರದ ಪಕ್ಕ ಯಾರಿದು?”

ಪರಮಾನಂದ ಭೂತಗನ್ನಡಿ ಹಿಡಿದು ನೋಡಿದ. ದೂರದಲ್ಲಿ, ಬೆರಳಿನ ಉಗುರಿನಷ್ಟು ಎತ್ತರಕ್ಕೆ ಒಬ್ಬ ಮನುಷ್ಯ ನಿಂತಿದ್ದ. ಕ್ಯಾಮೆರಾಕ್ಕೆ ಬೆನ್ನು. ಚೌಕಳಿ ಅಂಗಿ, ಹೆಗಲ ಮೇಲೆ ಕೆಂಪು ಟವಲ್ಲು.

“ಯಾರೋ ದನ ಕಾಯೋರು ಇರ್ಬೇಕು ಸಾರ್.”

“ಯಾರೂ ಇರ್ಲಿಲ್ಲ ಕಣ್ರೀ. ಗಂಟೆಗಟ್ಲೆ ಕಾದು ತೆಗ್ದಿದೀನಿ. ನಿಮ್ಮ ಕಂಪ್ಯೂಟರ್‌ದು ಏನಾದ್ರೂ ಸೇರ್ಕೊಂಡಿದ್ಯಾ ನೋಡಿ.”

ಪರಮಾನಂದ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. ಕಂಪ್ಯೂಟರ್ ಮುಟ್ಟದ ಅಸಲು ನೆಗೆಟಿವ್, ಅದರಲ್ಲೂ ಅವನಿದ್ದ. ವಿಶ್ವನಾಥ್ ಲೆನ್ಸ್ ಕೆಟ್ಟಿದೆಯೇನೋ ಎಂದು ಗೊಣಗುತ್ತ ಹೋದ ಮೇಲೆ ಪರಮಾನಂದ ಮತ್ತೊಮ್ಮೆ ಭೂತಗನ್ನಡಿ ಇಟ್ಟು ನೋಡಿದ. ಕೆಂಪು ಟವಲ್ಲನ್ನು ಅವನು ಮರೆಯುವ ಹಾಗಿರಲಿಲ್ಲ. ಗೋಣಿಮರದ ಪಕ್ಕ, ಅದೇ ಜಾಗದಲ್ಲಿ, ತಾನೇ ಕೈಯಾರೆ ನಿಲ್ಲಿಸಿದ ಮರೆಪ್ಪನ ಟವಲ್ಲು ಅದು. ಅವನು ನಿಲ್ಲಿಸುವಾಗ ಮರೆಪ್ಪ ಈ ಕಡೆ ಮುಖ ಮಾಡಿದ್ದ. ಈಗ ಕಣಿವೆಯ ಕಡೆಗೆ ತಿರುಗಿದ್ದ.

ಮುಂದಿನ ರೀಲಿನಲ್ಲಿ ಇನ್ನಷ್ಟು ಮಂದಿ ಇದ್ದರು. ಪರಮಾನಂದ ಯಾರನ್ನು ಎಲ್ಲಿ ನಿಲ್ಲಿಸಿದ್ದನೋ ಅಲ್ಲೇ. ಎಲ್ಲರದೂ ಬೆನ್ನು. ಜೊತೆಗೆ ಅವನು ಕಳಿಸದವರೂ ಇದ್ದರು: ಎದುರು ಬೀದಿಯ ಚಪ್ಪಲಿ ಹೊಲಿಯುವ ಮುದುಕ, ಹೆರಿಗೆಯಲ್ಲಿ ತೀರಿಕೊಂಡ ಮೂಲೆಮನೆಯ ಹುಡುಗಿ. ಅವರಿಗೆ ಯಾರೂ ಫೋಟೋ ಮಾಡಿಸಿರಲಿಲ್ಲ. ದಾರಿ ಗೊತ್ತಾಗಿ ತಾವಾಗಿಯೇ ಬಂದವರ ಹಾಗೆ ಕಾಲುದಾರಿಯಲ್ಲಿ ನಿಂತಿದ್ದರು. ಮುದುಕನ ಕಂಕುಳಲ್ಲಿ ಅವನ ಹತಾರದ ಚೀಲವೂ ಇತ್ತು. ವಿಶ್ವನಾಥ್ ಈ ಸಲ ಜಗಳ ಮಾಡಲಿಲ್ಲ. ಟೆಂಟಿನೊಳಗೆ ಮಲಗಿದ್ದಾಗ ಹೊರಗೆ ಯಾರೋ ಮೇಲಕ್ಕೆ ಹತ್ತಿ ಹೋದ ಸದ್ದು, ಒಬ್ಬರಾದ ಮೇಲೆ ಒಬ್ಬರು, ಎಂದು ಮೆಲ್ಲಗೆ ಹೇಳಿದರು. ಆದರೂ ಹೋಗುವುದನ್ನು ಬಿಡಲಿಲ್ಲ. ಮುಂದಿನ ರೀಲಿನಲ್ಲಾದರೂ ಬೆಟ್ಟ ಖಾಲಿ ಸಿಕ್ಕೀತೆಂಬ ಆಸೆ ಅವರಿಗೆ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಪರಮಾನಂದ ಮಹಾದೇವಿಗೆ ಹೇಳಿದ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಚನ್ನಕ್ಕನ ಕೈ ನಿಂತಿತು. ಮಾರನೆಯ ದಿನ ಅವಳು ಲ್ಯಾಬಿಗೆ ಬಂದಳು.

“ಭಾವಾರ, ಆ ಗಾಜು ಕೊಡ್ರಿ ಒಂಚೂರು.”

ಒಂದೊಂದೇ ಪ್ರಿಂಟಿನ ಮೇಲೆ ಭೂತಗನ್ನಡಿ ಇಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ನೋಡಿದಳು. ನೋಡಿ ಮುಗಿಸಿ ದೊಡ್ಡ ಉಸಿರು ಬಿಟ್ಟಳು. “ಇದರಾಗ ನಮ್ಮನಿಯವ್ರು ಇಲ್ರಿ” ಎಂದಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ಗೆಲುವಿತ್ತು. ಗಂಡನ ಹೆಸರು ಹೇಳುವ ರೂಢಿ ಅವಳಿಗಿರಲಿಲ್ಲ.

ಆಮೇಲೆ ವಿಶ್ವನಾಥರ ರೀಲು ಬಂದಾಗೆಲ್ಲ ಚನ್ನಕ್ಕ ಬಂದು ನೋಡುವುದು, ಇಲ್ಲ ಎನ್ನುವುದು, ಹಗುರಾಗಿ ಮನೆಗೆ ಹೋಗುವುದು ನಡೆಯಿತು. ಬೆಟ್ಟದ ಮೇಲೆ ಇಲ್ಲವೆಂದರೆ ಎಲ್ಲೋ ಉಸಿರಾಡುತ್ತಿದ್ದಾನೆ ಎಂದೇ ಲೆಕ್ಕ. ಪೊಲೀಸರು ಹೇಳಲಾರದ್ದನ್ನು ಆ ಪ್ರಿಂಟು ಹೇಳುತ್ತಿತ್ತು. ಹೆದರಿಕೆಯ ಜೊತೆಗೇ ಪರಮಾನಂದನಿಗೂ ಅದೊಂದು ಆಧಾರವಾಯಿತು.

ಅದನ್ನು ಅವನೇ ಹಾಳುಮಾಡಿದ. ಮಗಳು ಶಾಂಭವಿಗೆ ಒಂದು ಸಂಬಂಧ ಬಂದಿತ್ತು. ಊರಿನಿಂದ ಪರಮಾನಂದನ ಸೋದರಮಾವ ಸಿದ್ದಲಿಂಗಯ್ಯ ಬಂದು, ನಡುಮನೆಯಲ್ಲಿ ಕಾಲು ಚಾಚಿ ಕೂತು, ತೀರ್ಪು ಕೊಟ್ಟ: “ಗಂಡಿನವರು ಕೇಳ್ತಾರ, ನಿಮ್ಮ ತಮ್ಮ ಇದ್ದಾನೋ ಸತ್ತಾನೋ ಅಂತ. ಏನ್ ಹೇಳ್ತಿ? ಹೋದಾವ ಹೋದ. ಮಹಾನವಮಿ ಅಮಾಸಿ ಹಿರೇರ ಹಬ್ಬಕ್ಕ ಅವನ ಫೋಟೋ ಇಟ್ಟು, ಮಾಲಿ ಹಾಕಿ, ಎಡಿ ಹಿಡೀರಿ. ಮನಿ ಶುದ್ಧ ಆಗಲಿ.”

ಪರಮಾನಂದ ಬೇಡವೆಂದ, ಎದ್ದು ಹೋದ, ತಿರುಗಿ ಬಂದ. ಮಗಳ ಮುಖ ನೋಡಿದ. ಮೂರು ದಿನ ಹೀಗೇ ಆದ ಮೇಲೆ ಸೋತ. ಲ್ಯಾಬಿನಲ್ಲಿ ಒಬ್ಬನೇ ಇದ್ದಾಗ ಹಣಮಂತ, ಚನ್ನಕ್ಕ ಜೋಡಿಯಾಗಿ ನಿಂತ ಫೋಟೋ ತೆಗೆದ. ಮದುವೆಯ ಹೊಸದರಲ್ಲಿ ತಾನೇ ತೆಗೆದದ್ದು. ತಮ್ಮನ ಹೆಗಲ ಮೇಲೆ ಚನ್ನಕ್ಕನ ಕೈ ಇಡಿಸಿದ್ದವನೂ ತಾನೇ. ಮೊದಲು ಅವಳನ್ನು ಅಳಿಸಿದ. ಆಮೇಲೆ ಹೆಗಲ ಮೇಲಿನ ಬಳೆಗೈಯನ್ನು ಬೆರಳು ಬೆರಳಾಗಿ ಅಳಿಸಿ, ಆ ಜಾಗಕ್ಕೆ ಅಂಗಿಯ ಬಣ್ಣ ತುಂಬಿದ. ಮೂಟೆ ಹೊತ್ತು ಹೊತ್ತು ಎಡಕ್ಕೆ ಜಗ್ಗಿದ ತಮ್ಮನ ಭುಜವನ್ನು ಹಾಗೇ ಬಿಟ್ಟ. ಕೋಡಿಗಲ್ಲಿನ ತುತ್ತತುದಿಯ ಬಂಡೆ ಇನ್ನೂ ಯಾರಿಗೂ ಕೊಡದೆ ಉಳಿದಿತ್ತು. ಅಲ್ಲಿ ನಿಲ್ಲಿಸಿದ. ನಿಲ್ಲಿಸಿ, ಕಂಪ್ಯೂಟರಿನ ಮುಂದೆ ಮಗುವಿನ ಹಾಗೆ ಅತ್ತ.

ಅಮಾವಾಸ್ಯೆಯ ದಿನ ಚನ್ನಕ್ಕ ಗೋಡೆಯ ಮೇಲಿನ ಫೋಟೋ ನೋಡಿದಳು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. “ಇಲ್ಲಿ ನನ್ನ ಕೈ ಇತ್ತಲ್ರಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಎಡೆಯನ್ನು ಮುಟ್ಟಲಿಲ್ಲ, ಬಳೆಯನ್ನು ತೆಗೆಯಲಿಲ್ಲ.

ಮುಂದಿನ ರೀಲು ತೊಳೆದ ದಿನ ಅವಳು ಬರುವ ಮೊದಲೇ ಪರಮಾನಂದ ನೋಡಿದ್ದ. ತುತ್ತತುದಿಯ ಬಂಡೆಯ ಮೇಲೆ ಒಬ್ಬ ಬೆನ್ನು ಮಾಡಿ ನಿಂತಿದ್ದ, ಎಡಭುಜ ಜಗ್ಗಿಕೊಂಡು.  ತಮ್ಮ ಸತ್ತದ್ದಕ್ಕೆ ಅಲ್ಲಿಗೆ ಬಂದನೋ, ತಾನು ನಿಲ್ಲಿಸಿದ್ದಕ್ಕೆ ಬಂದನೋ? ತಿಳಿಯುವ ದಾರಿ ಒಂದಿತ್ತು, ಅದನ್ನು ತಾನೇ ಮುಚ್ಚಿದ್ದ. ಪ್ರಿಂಟು ಬಚ್ಚಿಡಲು ಎದ್ದ. ಅಷ್ಟರಲ್ಲಿ ಚನ್ನಕ್ಕ ಬಂದಳು.

ಅವಳು ಬಹಳ ಹೊತ್ತು ನೋಡಿದಳು. ಗಾಜಿನ ಮೇಲೆ ಅವಳ ಉಸಿರು ಕಟ್ಟಿ ಆರಿತು.

“ಡಬ್ಬಿ ಎಲ್ಲಿ ಐತ್ರಿ?” ಎಂದಳು.

“ಯಾವ ಡಬ್ಬಿ?”

“ನಾ ಕಟ್ಟಿಕೊಟ್ಟ ರೊಟ್ಟಿ ಡಬ್ಬಿ. ಆ ಚಪ್ಪಲಿ ಅಜ್ಜ ತನ್ನ ಚೀಲ ಹಿಡಕೊಂಡು ಹೋಗ್ಯಾನ. ಇವ್ರು ತಾವಾಗೇ ಹೋಗಿದ್ರ ಕೈಯಾಗ ಡಬ್ಬಿ ಇರತಿತ್ತು. ಇಲ್ಲ. ಇವ್ರು ಹೋಗಿಲ್ಲ ಭಾವಾರ, ನೀವು ಕಳಿಸೀರಿ. ಜೀವ ಇರೋ ಮನುಷ್ಯಾನ್ನ ಅಲ್ಲಿ ನಿಲ್ಸೀರಿ.” ಭೂತಗನ್ನಡಿಯನ್ನು ಟೇಬಲ್ಲಿನ ಮೇಲಿಟ್ಟಳು. “ಇಳಿಸ್ರಿ.”

ಪರಮಾನಂದ ಅಂದೇ ಗೋಡೆಯ ಫೋಟೋ ಇಳಿಸಿ ಒಲೆಗೆ ಹಾಕಿದ. ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದ. ಮತ್ತೆ ಒಂದು ರೀಲು ಬಂತು. ಹಣಮಂತ ಬಂಡೆಯ ಮೇಲೆ ಹಾಗೇ ನಿಂತಿದ್ದ. ಕಾಗದ ಸುಟ್ಟರೆ ಇಳಿಯುವ ಎತ್ತರವಲ್ಲ ಅದು.

ಆಗ ಅವನು ವಿಶ್ವನಾಥರಿಗೆ ಎಲ್ಲ ಹೇಳಿದ. ಅವರು ಸಿಟ್ಟಿನಿಂದ ಕೆಂಪಾದರು. “ನನ್ನ ಬೆಟ್ಟಕ್ಕೆ ಸತ್ತೋರನ್ನ ಅಂಟಿಸ್ತಿದ್ರಾ? ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?” ಎಂದು ಎದ್ದು ನಿಂತರು. ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಚನ್ನಕ್ಕನನ್ನು ನೋಡಿ ಮತ್ತೆ ಕೂತರು. “ಭಾನುವಾರ ಬೆಳಗ್ಗೆ ಕಾರ್ ತರ್ತೀನಿ. ಇಬ್ರೂ ರೆಡಿಯಾಗಿರಿ” ಎಂದರು.

ಪೀಣ್ಯದ ಹೊಗೆ ಬಿಟ್ಟು ಹೊರಗೆ ಕಾಲಿಟ್ಟು ಪರಮಾನಂದನಿಗೆ ಎಷ್ಟು ವರ್ಷವಾಗಿತ್ತೋ. ಏದುಸಿರು ಬಿಡುತ್ತ ಹತ್ತಿದ. ಎಷ್ಟೋ ಜನರನ್ನು ಕುರ್ಚಿಯಲ್ಲಿ ಕೂತೇ ಹತ್ತಿಸಿದ್ದ ಬೆಟ್ಟ ಅವನ ಮಂಡಿಯನ್ನು ಕಿತ್ತು ಕೈಗೆ ಕೊಟ್ಟಿತು. ಮೋಡ ಕವಿದಿತ್ತು. ಗೋಣಿಮರ ಸಿಕ್ಕಿತು, ಕಾಲುದಾರಿಯ ತಿರುವು ಸಿಕ್ಕಿತು. ಎಲ್ಲೂ ಯಾರೂ ಇರಲಿಲ್ಲ. ಆದರೂ ಆ ಜಾಗಗಳನ್ನು ಮೂವರೂ ಸುತ್ತುಬಳಸಿ ದಾಟಿದರು, ಜನ ನಿಂತ ಕಡೆ ದಾರಿ ಬಿಟ್ಟು ನಡೆಯುವ ಹಾಗೆ.

ತುದಿಯ ಬಂಡೆಯ ಕೆಳಗೆ ನಿಂತು ಪರಮಾನಂದ ತಮ್ಮನನ್ನು ಕರೆದ. ಕಣಿವೆ ಉತ್ತರ ಕೊಡಲಿಲ್ಲ. ಇಂಥ ಕಡೆ ಬರಬೇಕಾದ ಮಾರ್ದನಿಯೂ ಬರಲಿಲ್ಲ. ಚನ್ನಕ್ಕ ಸೆರಗು ಬಿಗಿದುಕೊಂಡು ಮುಂದೆ ಬಂದಳು. ಬದುಕಿನಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು ಕೂಗಿದಳು: “ಹಣಮಂತಾ! ಇಳದ್ ಬಾ! ಅಡಗಿ ಆರಾಕತ್ತೈತಿ!”

ಏನೂ ಆಗಲಿಲ್ಲ. ಗಾಳಿಯೂ ನಿಂತಿತ್ತು. ವಿಶ್ವನಾಥ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕತೊಡಗಿದರು. ಪರಮಾನಂದನಿಗೆ ಮುನಿಯಣ್ಣನ ಮಾತು ನೆನಪಾಯಿತು. ತೆಗೆದ ಜಾಗ ಖಾಲಿ ಬಿಡಬಾರದು. ಅಳಿಸಿ ಹಾಗೇ ಬಿಟ್ಟಿದ್ದಕ್ಕೇ ತಮ್ಮ ಇಳಿಯುತ್ತಿಲ್ಲವೇನೋ. ಅವನು ಯಾರಿಗೂ ಹೇಳದೆ ಬಂಡೆ ಹತ್ತಿ ಆ ಜಾಗಕ್ಕೆ ಹೋಗಿ ನಿಂತ. ಕಾಲಡಿಯ ಕಲ್ಲು, ಆಗಷ್ಟೇ ಯಾರೋ ಎದ್ದು ಹೋದ ಜಾಗದಂತೆ, ಬೆಚ್ಚಗಿತ್ತು. ಕ್ಯಾಮೆರಾದ ಕಡೆ ಮುಖ ಮಾಡಿ, ರೂಢಿಯಂತೆ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡ.

“ಸ್ವಲ್ಪ ನಗ್ರಿ ಭಾವಾರ” ಎಂದಳು ಕ್ಯಾಮೆರಾ ಪಕ್ಕದಲ್ಲಿದ್ದ ಚನ್ನಕ್ಕ. ಅವನು ನಕ್ಕ.

ಮಾರನೆಯ ದಿನ ಮಧ್ಯಾಹ್ನ ಪ್ರಿಂಟು ಮೆಷಿನ್ನಿನಿಂದ ಹೊರಬಂತು. ಮರೆಪ್ಪ ಮರದ ಪಕ್ಕ ಇದ್ದ, ಉಳಿದವರು ಅವರವರ ಜಾಗದಲ್ಲಿದ್ದರು. ತುದಿಯ ಬಂಡೆಯ ಮೇಲೆ ಜಗ್ಗಿದ ಭುಜದವನು ಇರಲಿಲ್ಲ. ಅಲ್ಲಿ ಬೇರೊಬ್ಬ ಕಣಿವೆಯ ಕಡೆ ಮುಖ ಮಾಡಿ ನಿಂತಿದ್ದ. ಬೆನ್ನ ಮೇಲೆ ಮಡಚಿಟ್ಟ ಅವನ ಎಡಗೈಯಲ್ಲಿ ಮೂರೇ ಬೆರಳು. ಇಷ್ಟು ವರ್ಷ ಯಾವ ಫೋಟೋದಲ್ಲೂ ಕಾಣದಂತೆ ಬಚ್ಚಿಟ್ಟ ಕೈ ಈಗ ಎಲ್ಲರಿಗೂ ಕಾಣುವ ಹಾಗಿತ್ತು. ಪರಮಾನಂದನಿಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದೇಕೆ; ಮಹಾದೇವಿಯ ಮುಖ, ಶಾಂಭವಿಯ ಮದುವೆ ಎಲ್ಲ ಕಣ್ಣ ಮುಂದೆ ಬಂತು. ಹೆದರಿಕೆಯ ಅಡಿಯಲ್ಲಿ, ತಮ್ಮ ಅಲ್ಲಿಲ್ಲವೆಂಬ ಸಂತೋಷವೂ ಇತ್ತು.

ಚನ್ನಕ್ಕ ಓಡುತ್ತ ಬಂದಳು. ಗಾಜು ಇಟ್ಟಳು. “ಇಲ್ರಿ! ಇಳದಾರ ಭಾವಾರ, ಇಳದಾರ!” ಎಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಮತ್ತೊಮ್ಮೆ ನೋಡಿದಳು. ಗಾಜು ಅಲ್ಲೇ ನಿಂತಿತು.

“ನೀವ್ಯಾಕ ಬೆನ್ನು ಮಾಡಿ ನಿಂತೀರಿ?”

“ಬಿಸಲು ಕಣ್ಣಿಗೆ ಹೊಡೀತಿತ್ತವ್ವಾ. ತಿರುಗಿಬಿಟ್ಟೆ.”

ಚನ್ನಕ್ಕ ಪ್ರಿಂಟನ್ನು ಮಗುಚಿ ಟೇಬಲ್ಲಿನ ಮೇಲಿಟ್ಟಳು. ಆಮೇಲೆ ಬಗ್ಗಿ, ಮದುವೆಯ ದಿನ ಮುಟ್ಟಿದ ಮೇಲೆ ಇದೇ ಮೊದಲ ಸಲ, ಅವನ ಎರಡೂ ಪಾದ ಮುಟ್ಟಿ ಹಣೆಗೊತ್ತಿಕೊಂಡಳು. ಪರಮಾನಂದ ಎಂದಿನಂತೆ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ನಿಂತಿದ್ದ.